ಹೆಸರಿನ ಉಳಿದರ್ಧ

"ನನ್ನ ರಕ್ತವನ್ನ ಯಾವ ಗಂಡಸಿನ ಹೆಸರಿಗೆ ಕಳಿಸಿದ್ರಿ, ಬಾಯ್ಕೆ? ಮೊದಲು ಅದನ್ನ ಹೇಳಿ."

ಲ್ಯಾಬಿನ ಕೌಂಟರಿನ ಹಿಂದೆ ಬಗ್ಗಿಕೊಂಡು ಟ್ಯೂಬುಗಳಿಗೆ ಚೀಟಿ ಅಂಟಿಸುತ್ತಿದ್ದ ಯುವಕ ತಲೆಯೆತ್ತಿದ. ಮೊದಲು ಕಂಡದ್ದು ಹಸಿರು ಕೋಟಿನ ಗುಂಡಿ. ಮುಖ ಕಾಣಬೇಕಾದರೆ ಕತ್ತನ್ನು ಇನ್ನಷ್ಟು ಎತ್ತಬೇಕಾಯಿತು. ಹುಡುಗಿ ಅಷ್ಟು ಎತ್ತರ.

ಬಾಯ್ಕೆ ಎಂದರೆ ಅಣ್ಣ. ಮರ್ಯಾದೆಯ ಆ ಮಾತನ್ನೇ ಬೈಗುಳದ ಹಾಗೆ ಆಡುವುದು ಬಿಷ್ಕೆಕ್ ನಗರದ ಹುಡುಗಿಯರಿಗೆ ಚೆನ್ನಾಗಿ ಬರುತ್ತದೆ.

"ಹೆಸರು ಹೇಳ್ತೀರಾ?" ಎಂದ ಅವನು, ಮೆಲ್ಲಗೆ.

ಅವಳ ದವಡೆ ಬಿಗಿಯಿತು. ಜನರ ಮಧ್ಯೆ ಹೆಸರು ಹೇಳುವುದೆಂದರೆ ಅವಳಿಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ.

"ಉಲ್ಬೊಲ್ಸುನ್."

ಹಿಂದಿನ ಸಾಲಿನಲ್ಲಿ ಯಾರೋ ನಗುವನ್ನು ಕೆಮ್ಮಾಗಿ ತಿರುಗಿಸಿದರು. ಉಲ್ ಎಂದರೆ ಮಗ, ಬೊಲ್ಸುನ್ ಎಂದರೆ ಆಗಲಿ. ಸಾಲಾಗಿ ಹೆಣ್ಣೇ ಹುಟ್ಟಿದ ಮನೆಯಲ್ಲಿ ಮತ್ತೊಂದು ಹೆಣ್ಣು ಹುಟ್ಟಿದರೆ ಹೀಗೆ ಹೆಸರಿಡುತ್ತಾರೆ. ಹುಟ್ಟಿದ ಮಗು ಯಾರೆಂದು ಆ ಹೆಸರು ಹೇಳುವುದಿಲ್ಲ, ಮುಂದೆ ಯಾರು ಬರಬೇಕೆಂದು ಹೇಳುತ್ತದೆ. ಅವಳ ನಂತರ ತಮ್ಮ ಹುಟ್ಟಿದ. ಹೆಸರು ಕೆಲಸ ಮಾಡಿತೆಂದು ಊರೆಲ್ಲ ಹೇಳಿತು. ಅವಳಿಗೆ ಮಾತ್ರ ಶಾಲೆ ಮುಗಿಯುವವರೆಗೂ "ಏಯ್ ಮಗನೇ" ಎಂಬ ಗೇಲಿ ತಪ್ಪಲಿಲ್ಲ.

ಈಗ ಈ ಲ್ಯಾಬಿನವರೂ ಶುರುಮಾಡಿದ್ದಾರೆ...

"ರಿಪೋರ್ಟಲ್ಲಿ ಪುರುಷ, ಸಾಮಾನ್ಯ, ದೋಷವಿಲ್ಲ ಅಂತ ಬಂದಿದೆ," ಎಂದಳು. "ದೋಷ ಇಲ್ಲ ಅಂದಿದ್ದಕ್ಕೆ ಖುಷಿಪಡಲಾ? ಪುರುಷ ಅಂದಿದ್ದಕ್ಕೆ ಮೀಸೆ ಬಿಡಲಾ?"

ಯುವಕ ಕಂಪ್ಯೂಟರಿನಲ್ಲಿ ಏನೋ ಹುಡುಕಿದ. ಅವನ ಕಿವಿ ಕೆಂಪಾಯಿತು.

"ಹೆಣ್ಣು, ಗಂಡು ಅನ್ನೋ ಕಡೆ ಗುರುತು ಹಾಕೋದು ಬಿಟ್ಟಿದ್ದೀನಿ. ನನ್ನದೇ ತಪ್ಪು. ಪರೀಕ್ಷೆ ಮಾಡೋದು ಹೊರದೇಶದ ಲ್ಯಾಬು. ಅವರಿಗೆ ನಮ್ಮ ಭಾಷೇಲಿ ಉಲ್ ಅನ್ನೋದೊಂದೇ ಗೊತ್ತು ಅಂತ ಕಾಣ್ಸುತ್ತೆ. ಗಂಡಸು ಅಂದ್ಕೊಂಡುಬಿಟ್ಟಿದ್ದಾರೆ."

"ಹೆಸರು ನೋಡ್ಕೊಂಡು ಕ್ರೋಮೋಸೋಮ್ ಬರೀತಾರಾ?"

ಪ್ರಶ್ನೆ ಸರಿಯಾಗಿಯೇ ಇತ್ತು. ರಕ್ತದ ಕೋಶಗಳನ್ನು ಬೆಳೆಸಿ, ಗಾಜಿನ ಮೇಲೆ ಹರಡಿ, ಫೋಟೋ ತೆಗೆದು, ಒಂದೊಂದು ವರ್ಣತಂತುವಿಗೂ ಜೋಡಿ ಹುಡುಕಿ ಇಡುತ್ತಾರೆ. ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದು ಎಕ್ಸ್, ಒಂದು ವೈ. ಯಾವ ಹೆಸರಿಗೂ ಎಕ್ಸನ್ನು ವೈ ಮಾಡುವ ತಾಕತ್ತಿಲ್ಲ.

"ಹಾಗಾದ್ರೆ ಟ್ಯೂಬೇ ಅದಲುಬದಲಾಗಿರಬೇಕು," ಎಂದ ಕೊನೆಗೆ. "ಅದೂ ನನ್ನ ಕೈಯಲ್ಲೇ. ಇನ್ನೊಂದ್ಸಲ ರಕ್ತ ಕೊಡಿ. ನಿಮ್ಮ ಕಣ್ಮುಂದೇನೇ ಹೆಸರು ಅಂಟಿಸ್ತೀನಿ."

ರಕ್ತ ಕೊಟ್ಟಳು. ಚೀಟಿಯ ಮೇಲೆ ತನ್ನ ಹೆಸರಿನ ಒಂದೊಂದು ಅಕ್ಷರವನ್ನೂ ಓದಿ ನೋಡಿದಳು. ಮರುಗಳಿಗೆಯೇ ಅವನು ಮಾದರಿಗಳ ಪೆಟ್ಟಿಗೆ ಎತ್ತಿಕೊಂಡು ವಿಮಾನ ನಿಲ್ದಾಣದ ಗಾಡಿಯ ಕಡೆ ಓಡಿದ.

"ನಿಂತ್ಕೊಳ್ಳಿ, ನಿಮ್ಮ ಹೆಸರಾದ್ರೂ ಹೇಳಿ. ಈ ಸಲಾನೂ ಕೆಟ್ರೆ ಯಾರನ್ನ ಹಿಡೀಲಿ?"

"ತುರ್ಸುನ್."

"ನಿಲ್ಲಲಿ ಅಂತ ಹೆಸರಿಟ್ಕೊಂಡು ಒಂದು ನಿಮಿಷ ನಿಲ್ಲೋಕಾಗಲ್ವಾ ನಿಮಗೆ?"

ಅವನು ನಕ್ಕುಬಿಟ್ಟ. "ನನಗಿಂತ ಮುಂಚೆ ಹುಟ್ಟಿದ ಇಬ್ಬರು ಉಳೀಲಿಲ್ಲ. ಇವನಾದ್ರೂ ನಿಲ್ಲಲಿ ಅಂತ ನಮ್ಮಮ್ಮ ಇಟ್ಟ ಹೆಸರು. ಉಳ್ಕೊಂಡಿದ್ದೀನಲ್ಲ, ಅಷ್ಟು ಸಾಲದಾ?"

ಗಾಡಿ ಹೊರಟ ಮೇಲೂ ಉಲ್ಬೊಲ್ಸುನ್ ಅಲ್ಲೇ ನಿಂತಿದ್ದಳು.

*

ಆ ಪರೀಕ್ಷೆಗೆ ಅವಳು ಸುಮ್ಮನೆ ಹೋದವಳಲ್ಲ. ಓರಗೆಯ ಹುಡುಗಿಯರೆಲ್ಲ ಮೈನೆರೆದು, ಮದುವೆಯಾಗಿ, ಮಕ್ಕಳನ್ನು ಎತ್ತಿಕೊಂಡು ಓಡಾಡುತ್ತಿದ್ದರೂ ಅವಳು ಇನ್ನೂ ಮುಟ್ಟಾಗಿರಲಿಲ್ಲ. ಅವಳ ತಾಯಿ ಬುರುಲ್ ಯಾವುದೋ ಗಿಡದ ಬೇರು ಬೇಯಿಸಿ ಕುಡಿಸಿದ್ದಳು, ಮಂತ್ರಿಸಿದ ನೀರು ತಂದಿದ್ದಳು. ಕೊನೆಗೆ ಉಲ್ಬೊಲ್ಸುನ್ ತಾನೇ ದೊಡ್ಡಾಸ್ಪತ್ರೆಯ ಮೆಟ್ಟಿಲು ಹತ್ತಿದಳು. ಡಾಕ್ಟರ್ ಜಿಪಾರ್ ಅವಳ ಮಾತೆಲ್ಲ ಕೇಳಿ ವರ್ಣತಂತು ಪರೀಕ್ಷೆಗೆ ಬರೆದುಕೊಟ್ಟರು.

ಎರಡನೆಯ ಫಲಿತಾಂಶಕ್ಕೆ ಕಾಯಬೇಕಿತ್ತು. ಕಾಯುವಾಗಲೇ ಅಲ್ಲವೇ ಇಂಥದ್ದೆಲ್ಲ ಶುರುವಾಗುವುದು?

ಅವಳು ಹೊಲಿಗೆ ಕಾರ್ಖಾನೆಯೊಂದರಲ್ಲಿ ಬಟ್ಟೆ ಕತ್ತರಿಸುವವಳು. ಒಂದು ಮಧ್ಯಾಹ್ನ ತುರ್ಸುನ್ ಮಾಂಸ ತುಂಬಿ ಬೇಯಿಸಿದ ಬಿಸಿ ಸಮ್ಸಾಗಳ ಪೊಟ್ಟಣ ಹಿಡಿದು ಬಾಗಿಲಲ್ಲಿ ನಿಂತಿದ್ದ.

"ನಿಮ್ಮ ಕೋಶಗಳು ಕ್ಷೇಮವಾಗಿ ಊರು ಸೇರಿದ್ವಂತೆ. ಹೇಳೋಣ ಅಂತ ಬಂದೆ."

"ಫೋನಿದೆಯಲ್ಲ."

"ಫೋನಲ್ಲಿ ಸಮ್ಸಾ ಹೋಗಲ್ಲ."

ಆಮೇಲೆ ಅವನು ಬರುವುದು ರೂಢಿಯಾಯಿತು. 'ನೀವು' ಯಾವಾಗಲೋ 'ನೀನು' ಆಯಿತು. ಹೊಲಿಗೆಯ ಹೆಂಗಸರು ಅವನನ್ನು ಎಬ್ಬಿಸಲೆಂದೇ ಚಹದ ಬಟ್ಟಲನ್ನು ಅಂಚಿನವರೆಗೆ ತುಂಬಿಸಿ ಕೊಡುತ್ತಿದ್ದರು. ಅರ್ಧ ಬಟ್ಟಲೆಂದರೆ ಇನ್ನೂ ಕೂತಿರು, ತುಂಬಿದ ಬಟ್ಟಲೆಂದರೆ ಕುಡಿದು ಹೊರಡು. ಅಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ತುರ್ಸುನ್ ಮಾತ್ರ ಗಟಗಟ ಕುಡಿದು ಬಟ್ಟಲನ್ನು ಮತ್ತೆ ಮುಂದೆ ಚಾಚುತ್ತಿದ್ದ.

"ಇವನಿಗೆ ನಾಚಿಕೆ ಅನ್ನೋದು ಹುಟ್ಟಿನಿಂದಲೇ ಇಲ್ಲ ಕಣೇ," ಎಂದು ಹೆಂಗಸರು ನಗುತ್ತಿದ್ದರು.

ಉಲ್ಬೊಲ್ಸುನ್ ಕೂಡ ನಗುತ್ತಿದ್ದಳು. ಕತ್ತರಿ ಹಿಡಿದ ಕೈ ಹಗುರವಾಗಿತ್ತು. ಒಂದು ಸಂಜೆ ಬಸ್ಸಿಗೆ ಕಾಯುವಾಗ ಅವನು ಅವಳ ಕಿವಿಯನ್ನೇ ನೋಡುತ್ತಾ ಹೇಳಿದ:

"ಅಮ್ಮ ಓಲೆ ತೆಗೆದಿಟ್ಟಿದ್ದಾರೆ. ಯಾರಿಗೆ ಅಂತ ಕೇಳ್ತಾನೇ ಇರ್ತಾರೆ. ಏನು ಹೇಳ್ಲಿ?"

ಹುಡುಗನ ತಾಯಿ ಹುಡುಗಿಯ ಕಿವಿಗೆ ಓಲೆ ತೊಡಿಸಿದರೆ ಸಂಬಂಧ ಗಟ್ಟಿಯಾದ ಹಾಗೆ.

"ರಿಪೋರ್ಟ್ ಬರಲಿ, ಹೇಳ್ತೀನಿ."

ಬರಲಿ... ಈ ಸಲ ಸರಿಯಾಗಿಯೇ ಬರುತ್ತದೆ. ತಪ್ಪು ಅವನದು, ಅವನೇ ಒಪ್ಪಿಕೊಂಡಿದ್ದಾನೆ. ಆ ತಪ್ಪನ್ನು ಅವಳು ಭದ್ರವಾಗಿ ಹಿಡಿದುಕೊಂಡಿದ್ದಳು. ಜಗತ್ತಿನಲ್ಲಿ ಯಾವ ಹುಡುಗಿಯೂ ತನ್ನ ಹುಡುಗನ ತಪ್ಪಿನ ಮೇಲೆ ಇಷ್ಟೊಂದು ಆಸೆ ಇಟ್ಟುಕೊಂಡಿರಲಾರಳು.

*

"ಕೂತ್ಕೊ ಮಗಳೇ," ಎಂದರು ಡಾಕ್ಟರ್ ಜಿಪಾರ್. ಆಮೇಲೆ ಎದ್ದು ಬಾಗಿಲು ಹಾಕಿದರು.

ಬಾಗಿಲು ಹಾಕಿದಾಗಲೇ ಉಲ್ಬೊಲ್ಸುನ್‌ಗೆ ಅರ್ಥವಾಯಿತು.

"ಅದೇ ಬಂತಾ ಎಜೆ?" ಎಂದಳು. ಎಜೆ ಎಂದರೆ ಅಕ್ಕ.

"ಅದೇ. ಟ್ಯೂಬು ಅದಲುಬದಲಾಗಿರಲಿಲ್ಲ. ಮೊದಲ್ನೇ ಸಲಾನೂ ನಿನ್ನದೇ ರಕ್ತ. ಗಂಡಸು ಅಂದ್ಕೊಂಡಿದ್ದರಿಂದ ಅವರಿಗೆ ಎಲ್ಲ ಸರಿಯಾಗೇ ಕಾಣಿಸಿದೆ. ಹೆಣ್ಣು ಅಂತ ಗೊತ್ತಿದ್ದಿದ್ರೆ ಅವತ್ತೇ ಫೋನ್ ಮಾಡಿರೋರು."

ಕಿಟಕಿಯಾಚೆ ಪಾಪ್ಲರ್ ಮರಗಳು ಅಲ್ಲಾಡುತ್ತಿದ್ದವು.

"ಹಾಗಾದ್ರೆ ನಾನು... ಯಾರು?"

"ಮೊದಲು ಯಾರಾಗಿದ್ಯೋ ಅವಳೇ. ಕೇಳಿಲ್ಲಿ." ಡಾಕ್ಟರ್ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ನಿನ್ನ ಕೋಶಗಳಲ್ಲಿ ವೈ ಇದೆ. ಆದ್ರೆ ನೀನು ತಾಯಿ ಹೊಟ್ಟೇಲಿದ್ದಾಗ ಅದು ಮಾಡಬೇಕಾದ ಕೆಲಸ ಮಾಡಲೇ ಇಲ್ಲ. ಹಾಗಾಗಿ ನೀನು ಹೆಣ್ಣಾಗೇ ಬೆಳೆದೆ. ಸ್ಕ್ಯಾನಲ್ಲಿ ಗರ್ಭಕೋಶ ಕಾಣ್ತಿದೆ, ಚಿಕ್ಕದು. ಅಂಡಾಶಯ ಇರಬೇಕಾದ ಜಾಗದಲ್ಲಿ ಮಾತ್ರ ಏನೂ ಮಾಡದ ಎರಡು ಎಳೆ ಇದೆ. ಅದಕ್ಕೇ ನೀನು ಮುಟ್ಟಾಗಲಿಲ್ಲ."

"ಅದನ್ನ ಹಾಗೇ ಬಿಟ್ರೆ?"

"ಬಿಡೋ ಹಾಗಿಲ್ಲ. ಅದು ಕ್ಯಾನ್ಸರಿಗೆ ತಿರುಗಬಹುದು. ಬೇಗ ತೆಗೆಸಬೇಕು. ಆಮೇಲೆ ಹಾರ್ಮೋನ್ ಮಾತ್ರೆ. ನಿನ್ನದೇ ಅಂಡದಿಂದ ಮಗು ಆಗಲ್ಲ. ಬೇರೆಯವರ ಅಂಡ ಇಟ್ರೆ ನೀನೇ ಹೆರಬಹುದು. ಆಗೇ ಆಗುತ್ತೆ ಅಂತ ಮಾತ್ರ ನಾನು ಮಾತು ಕೊಡಲ್ಲ."

ಕೊನೆಗೆ ಕೇಳಿದ ಪ್ರಶ್ನೆಗೆ ಅವಳಿಗೇ ನಾಚಿಕೆಯಾಯಿತು.

"ಹೆಸರಿಂದ ಏನಾದ್ರೂ... ಎಜೆ?"

ಡಾಕ್ಟರ್ ನಗಲಿಲ್ಲ. "ಹೆಸರಿಡೋಕೆ ಮುಂಚೇನೇ ಎಲ್ಲ ಮುಗಿದಿತ್ತು, ಕಂದ."

ಅವಳು ಅಲ್ಲಿ ಅಳಲಿಲ್ಲ. ಆಪರೇಷನ್ನಿಗೆ ಒಪ್ಪಿಕೊಂಡು ಹೊರಬಂದಳು. ಆಸ್ಪತ್ರೆಯ ಗೋಡೆಗೆ ಒರಗಿದಾಗ ಫೋನು ಗುನುಗಿತು. ತುರ್ಸುನ್.

ತಪ್ಪು ನಿನ್ನದೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು...

ಆಗ ಅತ್ತಳು. ಫೋನು ಎತ್ತಲಿಲ್ಲ.

*

ಮನೆಯಲ್ಲಿ ಬುರುಲ್ ಹಿಟ್ಟು ನಾದುತ್ತಿದ್ದವಳು ಮಗಳ ಮಾತು ಕೇಳಿ ಕೈ ನಿಲ್ಲಿಸಿದಳು.

"ನಾನಿಟ್ಟ ಹೆಸರು ನಿನ್ನ ಮೈಗೇ ಹತ್ತಿಬಿಡ್ತು..."

"ಇಲ್ಲ ಅಪಾ. ಡಾಕ್ಟರ್ ಹೇಳಿದ್ದಾರೆ, ಹೆಸರಿಗೂ ಇದಕ್ಕೂ ಸಂಬಂಧ ಇಲ್ಲ." ಅಪಾ ಎಂದರೆ ಅಮ್ಮ, ಹಿರಿಯ ಹೆಂಗಸರನ್ನೂ ಹಾಗೆಯೇ ಕರೆಯುತ್ತಾರೆ.

"ಡಾಕ್ಟರಿಗೇನು ಗೊತ್ತು? ಮಗ ಆಗಲಿ, ಮಗ ಆಗಲಿ ಅಂತ ದಿನಾ ನಿನ್ನನ್ನ ಕೂಗಿದವಳು ನಾನು." ಬುರುಲ್ ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು. "ನನಗೂ ಬುರುಲ್ ಅಂತಿಟ್ರು. ತಿರುಗು ಅಂತ. ಹೆಣ್ಣೇ ಹುಟ್ಟೋ ಹಣೆಬರಹ ತಿರುಗಿ ಮುಂದೆ ಗಂಡು ಬರಲಿ ಅಂತ. ಆ ಸಂಕಟ ಗೊತ್ತಿದ್ದೂ ನಿನಗೆ ಅದನ್ನೇ ಮಾಡಿದೆ."

ಉಲ್ಬೊಲ್ಸುನ್ ತಾಯಿಯನ್ನು ತಬ್ಬಿಕೊಂಡಳು. ಇಬ್ಬರ ಬಟ್ಟೆಗೂ ಹಿಟ್ಟು ಮೆತ್ತಿತು.

"ಮುಲ್ಲಾನ ಕರೆಸಿ ಹೆಸರು ಬದಲಾಯಿಸೋಣ," ಎಂದಳು ಬುರುಲ್ ಪಿಸುಮಾತಿನಲ್ಲಿ. "ಆ ಹುಡುಗನಿಗೆ ಏನೂ ಹೇಳ್ಬೇಡ. ಮೊದಲು ಓಲೆ ಬೀಳಲಿ. ಮಿಕ್ಕಿದ್ದು ಆಮೇಲೆ ನೋಡ್ಕೊಳ್ಳೋಣ."

"ಮುಚ್ಚಿಟ್ಟು ಯಾರ ಮನೆಗೂ ಹೋಗಲ್ಲ, ಅಪಾ. ಹೆಸರೂ ಬದಲಾಯಿಸಲ್ಲ. ಇಷ್ಟು ವರ್ಷ ಹೊತ್ತಿದ್ದೀನಿ, ನನಗೆ ಅಭ್ಯಾಸ ಆಗಿದೆ."

ಹೇಳುವಾಗ ಧೈರ್ಯವಿತ್ತು. ತುರ್ಸುನ್‌ನ ಮುಖ ನೆನಪಾದಾಗ ಆ ಧೈರ್ಯ ಎಲ್ಲಿಗೆ ಹೋಯಿತೋ. ಅವನು ಮತ್ತೆ ಮತ್ತೆ ಫೋನು ಮಾಡಿದ. ಅವಳು ಮತ್ತೆ ಮತ್ತೆ ಎತ್ತಲಿಲ್ಲ.

ಕೊನೆಗೆ ಅವನು ಕಾರ್ಖಾನೆಗೇ ಬಂದ. ಈ ಸಲ ಹೆಂಗಸರು ಗೇಲಿ ಮಾಡಲಿಲ್ಲ. ಅವನ ಮುಖ ನೋಡಿ ಒಬ್ಬೊಬ್ಬರೇ ಎದ್ದು ಹೊರಗೆ ಹೋದರು.

"ನನ್ನಿಂದ ಏನು ತಪ್ಪಾಯ್ತು, ಹೇಳು."

"ನಿನ್ನಿಂದ ಯಾವ ತಪ್ಪೂ ಆಗಿಲ್ಲ. ಅದೇ ಗೋಳು," ಎಂದಳು. ಕತ್ತರಿಯನ್ನು ಮೇಜಿನ ಮೇಲಿಟ್ಟು ಅವನ ಕಣ್ಣು ನೋಡಿ ಹೇಳಿದಳು. "ಟ್ಯೂಬು ಸರಿಯಾಗೇ ಇತ್ತು. ಎರಡು ಸಲಾನೂ ನಂದೇ ರಕ್ತ. ನನ್ನಲ್ಲಿ ವೈ ಇದೆ, ತುರ್ಸುನ್."

ಅವನು ಬೆಚ್ಚಿಬೀಳುತ್ತಾನೆಂದು ಕಾದಳು. ಅವನು ಬೆಚ್ಚಲಿಲ್ಲ.

"ಗೊತ್ತಿತ್ತು," ಎಂದ.

"ಏನಂದೆ?"

"ರಿಪೋರ್ಟ್ ಬಂದ ದಿನ ಜಿಪಾರ್ ಎಜೆ ಕೇಳಿದ್ರು, ಈ ಸಲ ಚೀಟಿ ಅಂಟಿಸಿದ್ದು ಸರಿ ತಾನೇ ಅಂತ. ಅವಳ ಕಣ್ಮುಂದೇನೇ ಅಂಟಿಸಿದ್ದು ಅಂದೆ. ಅವರು ಮತ್ತೇನೂ ಹೇಳಲಿಲ್ಲ. ನನಗೆ ಅರ್ಥ ಆಯ್ತು. ನಿನ್ನ ವಿಷಯ ನಾನು ಬಾಯಿ ಬಿಡೋ ಹಾಗಿರಲಿಲ್ಲ. ನೀನೇ ಹೇಳಲಿ ಅಂತ ಕಾದೆ."

"ಗೊತ್ತಿದ್ದೂ ಫೋನ್ ಮಾಡ್ತಿದ್ಯಾ? ಅಯ್ಯೋ ಪಾಪ ಅಂತಾನಾ?"

"ಪಾಪ ಅಂತಲ್ಲ. ಊಟ ಮಾಡಿದ್ಯೋ ಇಲ್ವೋ ಅಂತ."

ಅವಳಿಗೆ ಸಿಟ್ಟು ಬಂತು, ಅಳು ಬಂತು, ಎರಡರ ನಡುವೆ ಹಾಳಾದ ನಗುವೂ ಬಂತು. ಕನಿಕರವೇ ಇದು... ಕನಿಕರದ ಮೇಲೆ ಸಂಸಾರ ಕಟ್ಟೋಕಾಗುತ್ತಾ? ಇವನು ಒಪ್ಪಿದರೂ ಇಬ್ಬರು ಮಕ್ಕಳನ್ನು ಕಳೆದುಕೊಂಡ ತಾಯಿ ಒಪ್ಪುತ್ತಾಳಾ? ಇವನ ಮಕ್ಕಳನ್ನು ಎತ್ತಿಕೊಳ್ಳಬೇಕೆಂದೇ ಬದುಕಿರುವವಳಲ್ಲವೇ ಅವಳು?

"ಅಮ್ಮನಿಗೆ ನಾನು ಹೇಳ್ತೀನಿ," ಎಂದ ತುರ್ಸುನ್.

"ಬೇಡ. ನನ್ನ ವಿಷಯ ನನ್ನ ಬಾಯಲ್ಲೇ ಹೋಗಲಿ. ಭಾನುವಾರ ನಿಮ್ಮೂರಿಗೆ ಬರ್ತೀನಿ. ಓಲೆ ಹಾಕಿಸ್ಕೊಳ್ಳೋಕಲ್ಲ. ಹೇಳೋಕೆ."

*

ಕೊಚ್ಕೋರ್‌ನ ಆ ಮನೆಯಲ್ಲಿ ತುರ್ಸುನ್‌ನ ತಾಯಿ ಬಾತ್ಮಾ ಅಪಾ ಅವಳಿಗೆ ಬಾಗಿಲಿನಿಂದ ದೂರದ, ಮರ್ಯಾದೆಯ ಜಾಗ ತೋರಿಸಿದರು. ಮುಂದೆ ಎಣ್ಣೆಯಲ್ಲಿ ಕರಿದ ಹಿಟ್ಟಿನ ಬೊರ್ಸೊಕ್ ರಾಶಿ ಹಾಕಿದ್ದರು, ಪಕ್ಕದಲ್ಲಿ ಕೆನೆ. ಅರ್ಧ ಬಟ್ಟಲು ಚಹ ಕೊಟ್ಟರು. ಚಹ ಕಾಯುವ ಸಮೋವರಿನ ಪಕ್ಕದಲ್ಲಿ ಕೆಂಪು ಕರವಸ್ತ್ರದ ಪುಟ್ಟ ಗಂಟಿತ್ತು. ಅದರೊಳಗೆ ಏನಿದೆಯೆಂದು ಕೇಳಬೇಕಾಗಿರಲಿಲ್ಲ.

ಉಲ್ಬೊಲ್ಸುನ್ ತುರ್ಸುನ್‌ನನ್ನು ಹಿತ್ತಲಿಗೆ ಕಳಿಸಿದಳು. ಅವನು ಹೋದ ಮೇಲೆ ಕೊಡಲಿಯ ಸದ್ದು ಕೇಳಿಸತೊಡಗಿತು. ಸೌದೆ ಬೇಕಾಗಿತ್ತೋ ಇಲ್ಲವೋ, ಅವನು ಒಡೆಯುತ್ತಲೇ ಇದ್ದ.

"ಅಪಾ, ಆ ಗಂಟು ಬಿಚ್ಚೋಕೆ ಮುಂಚೆ ನನ್ನ ಮಾತು ಕೇಳಿ."

ಹೇಳಿದಳು. ಎಲ್ಲವನ್ನೂ, ಒಂದನ್ನೂ ನುಣ್ಣಗೆ ಮಾಡದೆ. ಪರೀಕ್ಷೆ, ವೈ, ಆ ಎರಡು ಎಳೆ, ಆಪರೇಷನ್.

ಬಾತ್ಮಾ ಅಪಾ ಬಹಳ ಹೊತ್ತು ಕರವಸ್ತ್ರವನ್ನೇ ನೋಡಿದರು.

"ನೀನು ಹೆಣ್ಣೇ ತಾನೇ ಮಗಳೇ?"

"ಹೆಣ್ಣೇ, ಅಪಾ."

"ಮಕ್ಕಳು?"

"ನನ್ನ ರಕ್ತದ್ದು ಆಗಲ್ಲ. ಬೇರೆಯವರ ಅಂಡ ಇಟ್ರೆ ಹೆರಬಹುದಂತೆ. ಅದೂ ಖಾತ್ರಿ ಇಲ್ಲ. ಸುಳ್ಳು ಆಸೆ ಹುಟ್ಟಿಸೋಕೆ ಬಂದಿಲ್ಲ ನಾನು."

"ಆಪರೇಷನ್ ಮಾಡಿಸದಿದ್ರೆ?"

"ಜೀವಕ್ಕೇ ಅಪಾಯ ಆಗಬಹುದು."

ಬಾತ್ಮಾ ಅಪಾ ಮುಖ ಪಕ್ಕಕ್ಕೆ ತಿರುಗಿಸಿದರು. ಅವಳ ಬಟ್ಟಲನ್ನು ತೆಗೆದುಕೊಂಡು ಸಮೋವರಿನ ನಲ್ಲಿ ತಿರುಗಿಸಿದರು. ಚಹ ಅರ್ಧಕ್ಕೆ ಬಂತು. ಅರ್ಧ ದಾಟಿತು... ಅಂಚಿನವರೆಗೂ ತುಂಬಿತು. ಆ ಬಟ್ಟಲನ್ನೇ ಅವಳ ಕೈಗೆ ಕೊಟ್ಟರು.

ಉಲ್ಬೊಲ್ಸುನ್ ಬಟ್ಟಲನ್ನು ನೋಡಿದಳು. ಸರಿ. ಉತ್ತರ ಸಿಕ್ಕಿತು.

ಅವಳು ತುಟಿ ತಾಗಿಸಿ, ಬಟ್ಟಲನ್ನು ಕೆಳಗಿಟ್ಟು, ಎರಡು ಅಂಗೈಯಿಂದ ಮುಖ ಸವರಿಕೊಂಡು ಊಟದ ಪ್ರಾರ್ಥನೆ ಮುಗಿಸಿದಳು. "ನಿಮ್ಮ ಮನೆ ಚೆನ್ನಾಗಿರಲಿ, ಅಪಾ," ಎಂದು ಎದ್ದಳು. ಹಿತ್ತಲಲ್ಲಿ ಕೊಡಲಿಯ ಸದ್ದು ನಡೆದೇ ಇತ್ತು. ಇತ್ತ ಗೇಟು ದಾಟಿ ರಸ್ತೆಗಿಳಿದಳು.

ಹೇಳಿ ಬಂದೆನಲ್ಲ. ಸಾಕು. ಮುಚ್ಚಿಡಲಿಲ್ಲ... ಇನ್ನು ಆಪರೇಷನ್. ಆಮೇಲೆ ಕೆಲಸ. ಬದುಕಬಹುದು. ತಲೆಯೆತ್ತಿಕೊಂಡೇ ಬದುಕಬಹುದು.

ಕೆನ್ನೆ ಮಾತ್ರ ಒದ್ದೆಯಾಗುತ್ತಲೇ ಇತ್ತು.

"ಏಯ್ ಹುಡುಗಿ, ನಿಲ್ಲು. ನನ್ನ ಮಂಡಿಯಲ್ಲಿ ಓಡೋ ಶಕ್ತಿ ಇಲ್ಲ."

ತಿರುಗಿ ನೋಡಿದಳು. ಬಾತ್ಮಾ ಅಪಾ ಒಂದು ಕಾಲಿಗೆ ತುರ್ಸುನ್‌ನ ದೊಡ್ಡ ಚಪ್ಪಲಿ, ಇನ್ನೊಂದಕ್ಕೆ ತಮ್ಮದೇ ಚಪ್ಪಲಿ ಮೆಟ್ಟಿಕೊಂಡು ಏದುಸಿರು ಬಿಡುತ್ತಾ ಬರುತ್ತಿದ್ದರು. ಹಿಂದೆ ತುರ್ಸುನ್, ಕೈಯಲ್ಲಿ ಇನ್ನೂ ಕೊಡಲಿ.

"ಚಹ ಬಿಟ್ಟು ಎದ್ದು ಹೋಗ್ತಾರಾ ಯಾರಾದ್ರೂ? ನಾನೇನು ಅಂದೆ ನಿನಗೆ?"

"ಬಟ್ಟಲು ತುಂಬಿಸಿ ಕೊಟ್ರಲ್ಲ, ಅಪಾ."

ಬಾತ್ಮಾ ಅಪಾ ಬಾಯಿಗೆ ಕೈ ಅಡ್ಡ ಹಿಡಿದರು. "ಅಯ್ಯೋ ದೇವರೇ... ಕಣ್ಣಲ್ಲಿ ನೀರು ತುಂಬಿತ್ತು ಮಗಳೇ. ಬಟ್ಟಲು ಎಲ್ಲಿ ಕಾಣಿಸ್ತಿತ್ತು ನನಗೆ?"

ರಸ್ತೆಯಲ್ಲೇ ಅವಳ ಎರಡೂ ಕೈ ಹಿಡಿದುಕೊಂಡರು. ಒರಟು ಕೈ, ಬಿಗಿಯಾದ ಹಿಡಿತ.

"ನಾನು ಇಬ್ಬರನ್ನ ಮಣ್ಣಿಗೆ ಕೊಟ್ಟವಳು. ಮೊಮ್ಮಕ್ಕಳ ಆಸೆ ಇಲ್ಲ ಅಂದ್ರೆ ಸುಳ್ಳಾಗುತ್ತೆ. ಇದೆ, ಇವತ್ತು ರಾತ್ರಿ ಅಳ್ತೀನಿ ಕೂಡ. ಆದ್ರೆ ಜೀವಕ್ಕೆ ಅಪಾಯ ಅಂದೆಯಲ್ಲ, ಅದಾದ ಮೇಲೆ ನನಗೆ ಬೇರೇನೂ ಕೇಳಿಸಲಿಲ್ಲ. ನನ್ನ ಮನೆಗೆ ಬರೋಳು ಮೊದಲು ಬದುಕಿ ಉಳೀಬೇಕು. ಮಿಕ್ಕಿದ್ದೆಲ್ಲ ಆಮೇಲೆ."

"ಜನ ಏನಂತಾರೆ, ಅಪಾ?"

"ಮಕ್ಕಳನ್ನ ನುಂಗಿದವಳು ಅಂತ ನನಗೂ ಅಂದಿದ್ರು. ಅಂದವರು ಈಗಲೂ ನನ್ನ ಹತ್ರಾನೇ ಸಕ್ಕರೆ ಸಾಲ ಕೇಳೋಕೆ ಬರ್ತಾರೆ." ಕರವಸ್ತ್ರದ ಗಂಟನ್ನು ಅವಳಿಗೆ ತೋರಿಸಿ ಮತ್ತೆ ಜೇಬಿಗೆ ಹಾಕಿಕೊಂಡರು. "ಈಗ ಹಾಕಲ್ಲ. ಆಸ್ಪತ್ರೇಲಿ ಓಲೆ ಬಿಚ್ಚು ಅಂತಾರೆ. ಒಂದ್ಸಲ ಹಾಕಿದ್ದನ್ನ ಬಿಚ್ಚಬಾರದು. ಎಲ್ಲ ಮುಗಿಸ್ಕೊಂಡು ಬಾ, ಹಾಕ್ತೀನಿ. ಈಗ ಒಳಗೆ ನಡಿ."

ಒಳಗೆ ಹೋದ ಮೇಲೆ ಬಾತ್ಮಾ ಅಪಾ ಕಣ್ಣೊರೆಸಿಕೊಂಡು, ಬಗ್ಗಿ ನೋಡಿ ನೋಡಿ, ಅರ್ಧ ಬಟ್ಟಲಿಗೂ ಸ್ವಲ್ಪ ಕಡಿಮೆಯೇ ಚಹ ಬಗ್ಗಿಸಿಕೊಟ್ಟರು.

*

ಆಪರೇಷನ್ ದಿನ ಬೆಳಿಗ್ಗೆ ಆಸ್ಪತ್ರೆಯ ಮೊಗಸಾಲೆಯಲ್ಲಿ ಬುರುಲ್ ಮತ್ತು ಬಾತ್ಮಾ ಅಪಾ ಒಂದೇ ಬೆಂಚಿನಲ್ಲಿ ಕೂತಿದ್ದರು. ಯಾರ ಮಂಡಿನೋವು ಜಾಸ್ತಿ ಎಂಬ ಚರ್ಚೆ ನಡೆದಿತ್ತು. ಉಲ್ಬೊಲ್ಸುನ್ ಆಸ್ಪತ್ರೆಯ ಗೌನು ತೊಟ್ಟು ಬಾಗಿಲ ಹತ್ತಿರ ನಿಂತಿದ್ದಳು. ಗೌನು ಅವಳ ಎತ್ತರಕ್ಕೆ ಸಾಲದೆ ಮಂಡಿಗೇ ಮುಗಿದಿತ್ತು.

"ಉಲ್ಬೊಲ್ಸುನ್," ಎಂದು ನರ್ಸ್ ಕೂಗಿದಳು, ಇಡೀ ಮೊಗಸಾಲೆಗೆ ಕೇಳಿಸುವಂತೆ.

ಎರಡು ಮೂರು ತಲೆಗಳು ತಿರುಗಿದವು. ಈ ಸಲ ಅವಳ ದವಡೆ ಬಿಗಿಯಲಿಲ್ಲ.

"ಬಂದೆ," ಎಂದಳು.

ತುರ್ಸುನ್ ಅವಳ ಕೈ ಹಿಡಿದ. ಅವನ ಅಂಗೈ ತಣ್ಣಗಿತ್ತು, ಅವಳದು ಬೆಚ್ಚಗಿತ್ತು. ಹೆದರಿದವನು ಅವನೇ.

"ಅಯ್ಯೋ ಪಾಪ ಅಂತಾನಾ ಅಂದಿದ್ದೆಯಲ್ಲ ಅವತ್ತು," ಎಂದ, ಮೆಲ್ಲಗೆ. "ಅಲ್ಲ. ಮೊದಲ ದಿನ ಕೌಂಟರ್ ಮುಂದೆ ನಿಂತು ಬೈದೆ ನೋಡು, ಅವತ್ತೇ ನಾನು ಮುಗಿದುಹೋದೆ. ಆಗ ನಿನ್ನ ಹತ್ರ ಪಾಪ ಅನ್ನೋ ಅಂಥದ್ದು ಏನೂ ಇರಲಿಲ್ಲ. ನನ್ನ ಹತ್ರಾನೇ ಇದ್ದಿದ್ದು."

ಅವಳು ನಕ್ಕಳು. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ.

"ನೀನು ಹೊರಗೆ ಬಂದ ಮೇಲೆ ಓಲೆ," ಎಂದ ಅವನು. "ಆಮೇಲೆ ಮದುವೆ. ಮಕ್ಕಳಾದ್ರೆ ಮಕ್ಕಳ ಜೊತೆ, ಆಗದಿದ್ರೆ ನಾವಿಬ್ಬರೇ. ಏನಂತೀಯ?"

ನರ್ಸ್ ಬಾಗಿಲು ತೆರೆದು ಹಿಡಿದಿದ್ದಳು. ಉಲ್ಬೊಲ್ಸುನ್ ಅವನ ಕಡೆ ಬಾಗಿ ಕಿವಿಯಲ್ಲಿ ಹೇಳಿದಳು.

"ಬೊಲ್ಸುನ್."

ಆಗಲಿ.

ಅವನು ಅವಳ ಕೈ ಬಿಡಲಿಲ್ಲ. "ಅರ್ಧ ಹೆಸರು ಎಲ್ಲಿ ಬಿಟ್ಟೆ?"

"ನನಗೆ ಬೇಕಾಗಿದ್ದು ಉಳಿದರ್ಧ," ಎಂದಳು. ಎರಡು ಹೆಜ್ಜೆ ಒಳಗಿಟ್ಟವಳು ತಿರುಗಿ ನೋಡಿದಳು. "ನೀನು ಎಲ್ಲಿಗೂ ಓಡಿಹೋಗಲ್ಲ ತಾನೇ?"

"ನನ್ನ ಹೆಸರು ಏನು?" ಎಂದ ತುರ್ಸುನ್.